ಗಂಡಸರು ಹೊರಗ ನಿಂದರ್ರಿ

ಸರಕಾರಿ ನರ್ಸಾಗಿ ಮೂವತ್ತನಾಲ್ಕು ವರ್ಷ ಹಳ್ಳಿ ಹಳ್ಳಿ ತಿರುಗಿ ನಾನು ಹೋದ ವರ್ಷ ನಿವೃತ್ತಳಾದೆ. ಬೀಳ್ಕೊಡುವ ದಿನ ಎರಡು ಶಾಲು ಹೊದಿಸಿದರು. ಒಂದನ್ನು ನಮ್ಮ ಯಜಮಾನರು ಚಳಿಗಾಲದಲ್ಲಿ ಕಿವಿಗೆ ಸುತ್ತಿಕೊಳ್ಳುತ್ತಾರೆ, ಇನ್ನೊಂದು ಟೀವಿಯ ಮೇಲೆ ಧೂಳು ಕೂರದಂತೆ ಕಾಯುತ್ತಿದೆ. ನನ್ನ ಬಡ್ತಿ, ಸನ್ಮಾನಗಳ ಕಥೆ ಇಲ್ಲಿಗೆ ಮುಗಿಯಿತು.

ನನ್ನ ಜಾಗಕ್ಕೆ ಬಂದ ಹುಡುಗಿಯ ಹೆಸರು ಸವಿತಾ. ಚುರುಕು ಹುಡುಗಿ, ಮಾತಿಗಿಂತ ಮೊದಲು ಸ್ಕೂಟಿ ಹೊರಡುತ್ತದೆ. ಮೊನ್ನೆ ಮನೆಗೆ ಬಂದು ಚಹಾ ಕುಡಿಯುತ್ತಾ, "ಬಾಯಾರ, ನಿಮ್ಮ ಅನುಭವ ಏನರ ಬರದ ಕೊಡ್ರಲಾ, ಓದ್ಕೊಂತೇನಿ" ಎಂದಳು. ಓದುತ್ತಾಳೆಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ. ಆದರೂ ಬರೆಯಲು ಕುಳಿತಿದ್ದೇನೆ. ನಾನು ಸರಿಯಾಗಿ ಮಾಡಿದ ಕೆಲಸವೆಲ್ಲ ಅವಳ ತರಬೇತಿಯ ಪುಸ್ತಕದಲ್ಲಿ ಇದ್ದೇ ಇರುತ್ತದೆ. ನಾನು ಕೆಡಿಸಿದ್ದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ, ಅದನ್ನು ನಾನೇ ಹೇಳಬೇಕು.

ನನ್ನ ಬಹುಪಾಲು ನೌಕರಿ ನಡೆದದ್ದು ಶಲವಡಿಯಿಂದ ತುಸು ಆಚೆಗಿನ ಒಂದು ಹಳ್ಳಿಯಲ್ಲಿ. ಎರೆ ಭೂಮಿ. ಮಳೆಗಾಲದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಚಪ್ಪಲಿ ಒಂದೊಂದು ಸೇರು ತೂಗುತ್ತಿತ್ತು. ಲಸಿಕೆಯ ಡಬ್ಬಿ ಹೆಗಲಲ್ಲಿ, ಚಪ್ಪಲಿ ಕೈಯಲ್ಲಿ, ಹೀಗೆ ನಾನು ಊರು ಹೊಕ್ಕರೆ ಮುದುಕಿಯರು "ನರ್ಸಬಾಯಿ ಬಂದ್ಲು, ಮಕ್ಕಳನ್ನ ಒಳಗ ಕರಕೋರಿ" ಎಂದು ಕೂಗುತ್ತಿದ್ದರು. ಮೊದಲ ಎರಡು ವರ್ಷ ಇದೇ ನನ್ನ ಸ್ವಾಗತ. ಸೂಜಿ ಚುಚ್ಚುವವಳಿಗೆ ಆರತಿ ಎತ್ತಲು ಯಾರಿಗೂ ಮನಸ್ಸಿರುವುದಿಲ್ಲ.

ಆಗ ನಮ್ಮ ಆಸ್ಪತ್ರೆಯಲ್ಲಿ ಒಬ್ಬರು ಹಳೆಯ ಡಾಕ್ಟರ್ ಇದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ಅವರಿಗೆ ನಮ್ಮ ವರದಿ, ನಕ್ಷೆ ಯಾವುದೂ ಬೇಡ. ಯಾವ ರೋಗಿಯ ಬಗ್ಗೆ ಹೇಳಲು ಹೋದರೂ ಒಂದೇ ಪ್ರಶ್ನೆ: "ಅಂಗಿ ತಗಸಿ ನೋಡಿದಿ?" ಕೆಮ್ಮಿಗೂ ಅದೇ, ಜ್ವರಕ್ಕೂ ಅದೇ. ನಾವು ನರ್ಸುಗಳು ಬೆನ್ನ ಹಿಂದೆ ಅವರಿಗೆ ಅಂಗಿ ಸಾಹೇಬರು ಎಂದು ಹೆಸರಿಟ್ಟಿದ್ದೆವು.

ನಾನು ಸೇರಿದ ಹೊಸತರಲ್ಲಿ ರೈತರೊಬ್ಬರು ಪಕ್ಕೆ ನೋವೆಂದು ಬಂದರು. ಮುಖ ನೋಡಿದರೆ ಗಟ್ಟಿಮುಟ್ಟಾಗಿದ್ದಾರೆ, ಹೋಳಿಗೆ ಸೀಜನ್ನು ಬೇರೆ. ವಾಯು ಎಂದು ತೀರ್ಮಾನಿಸಿ ಗುಳಿಗೆ ಕೊಟ್ಟು, ಓಮದ ನೀರು ಕುಡಿಯಿರೆಂದು ಹೇಳಿ ಕಳಿಸಿದೆ. ಎರಡು ದಿನಕ್ಕೆ ಅವರು ಬಾಗಿಕೊಂಡೇ ಬಂದರು. ಸಾಹೇಬರು ಅಂಗಿ ಎತ್ತಿದರೆ ಬೆನ್ನಿನಿಂದ ಹೊಟ್ಟೆಯವರೆಗೆ ಸಾಲುಸಾಲಾಗಿ ನೀರುಗುಳ್ಳೆ. ಸರ್ಪಸುತ್ತು.

"ನೀ ನೋಡಿದ್ದಿಲ್ಲೇನು?"

"ಅಂಗಿ ಮ್ಯಾಲಿಂದ ನೋಡಿದ್ದೆ ಸರ್."

"ಹಂಗಾರ ಗುಳಗೀನೂ ಅಂಗಿಗೇ ಕೊಡಬೇಕಿತ್ತು. ಈ ಮನಶ್ಯಾಗ ಯಾಕ ನುಂಗಿಸಿದಿ?"

ಎಲ್ಲರೆದುರು ಅಂದದ್ದಕ್ಕೆ ಮೂರು ದಿನ ನನಗೆ ಊಟ ಸೇರಲಿಲ್ಲ. ಸಾಹೇಬರ ಮಾತು ಬಿಸಿಯಾಗಿರುತ್ತಿತ್ತು, ಆದರೆ ಸುಳ್ಳಾಗಿರುತ್ತಿರಲಿಲ್ಲ. ಅದನ್ನು ನಾನು ಕಲಿತೆ ಎಂದುಕೊಂಡಿದ್ದೆ. ಕಲಿತದ್ದು ಅರ್ಧವಷ್ಟೇ ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು.

ಸ್ತನ ಕ್ಯಾನ್ಸರಿನ ಬಗ್ಗೆ ಹಳ್ಳಿಯ ಹೆಂಗಸರಿಗೆ ತಿಳಿಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬಣ್ಣದ ಚಿತ್ರಗಳ ಒಂದು ದೊಡ್ಡ ಚಾರ್ಟು ಕೊಟ್ಟಿದ್ದರು. ಅದನ್ನು ಪಂಚಾಯತಿಯ ಸಮುದಾಯ ಭವನದಲ್ಲಿ ಗೋಡೆಗೆ ತೂಗುಹಾಕಬೇಕು, ಹೆಂಗಸರನ್ನು ಕೂರಿಸಿ ಹೇಳಬೇಕು. ಚಿತ್ರ ನೋಡಿದ್ದೇ ತಡ, ಮೊದಲ ಸಾಲಿನಲ್ಲಿ ಕುಳಿತವರು ಸೆರಗನ್ನು ಬಾಯಿಗೆ ತುರುಕಿಕೊಂಡರು, ಹಿಂದಿನ ಸಾಲಿನವರು ನೆಲ ನೋಡತೊಡಗಿದರು. ಬಾಗಿಲಲ್ಲಿ ನಾಲ್ಕು ಜನ ಗಂಡಸರು ನಿಂತಿದ್ದರು. ನಾನು ಗಟ್ಟಿ ದನಿಯಲ್ಲಿ, "ಗಂಡಸರು ಹೊರಗ ನಿಂದರ್ರಿ. ಇದು ಹೆಣ್ಮಕ್ಕಳ ಮಾತೈತಿ" ಎಂದೆ. ಅವರು ಹೋಗಿದ್ದೇ ಹೆಂಗಸರ ತಲೆ ಮೇಲೆ ಎದ್ದವು, ಬಾಯಿಯಿಂದ ಪ್ರಶ್ನೆ ಬಂದವು. ಅಂದಿನಿಂದ ಅದೇ ನನ್ನ ಮೊದಲ ಮಾತಾಯಿತು. ಪೂಜೆಗೆ ಮುಂಚೆ ಗಂಟೆ ಬಾರಿಸಿದ ಹಾಗೆ, ಚಾರ್ಟು ಬಿಚ್ಚುವ ಮೊದಲು ಗಂಡಸರನ್ನು ಹೊರಗೆ ಕಳಿಸುವುದು.

ಈ ಕೆಲಸದಲ್ಲಿ ನನ್ನ ಬಲಗೈ ಫಕ್ಕೀರಪ್ಪ. ಅವನು ಪಂಚಾಯತಿಯ ವಾಟರ್‌ಮನ್. ಬೆಳಿಗ್ಗೆ ಎದ್ದು ಓಣಿ ಓಣಿಗೆ ನೀರು ಬಿಡುವುದು ಅವನ ಕೆಲಸ. ವಾಲ್ವು ತಿರುವಲು ಎದೆಯೆತ್ತರದ ಒಂದು ಕಬ್ಬಿಣದ ಚಾವಿ ಇತ್ತು, ಮೇಲ್ಗಡೆ ಅಡ್ಡ ಹಿಡಿಕೆ. ಅದನ್ನು ಹಿಡಿದು ನಡೆದರೆ ಫಕ್ಕೀರಪ್ಪನಿಗೆ ಫೌಜುದಾರನ ಗತ್ತು ಬರುತ್ತಿತ್ತು. ಭವನದ ಬೀಗದ ಕೈಯೂ ಅವನ ಬಳಿಯೇ. ನಾನು ಬಂದೆನೆಂದರೆ ಬಾಗಿಲು ತೆಗೆದು, ಜಮಖಾನೆ ಹಾಸಿ, ಚಾರ್ಟನ್ನು ಮೊಳೆಗೆ ತೂಗುಹಾಕಿ, ಅದು ಬಿಚ್ಚಿಕೊಳ್ಳುವ ಮೊದಲೇ ಕಣ್ಣು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು, ಚಾವಿಯನ್ನು ಅಡ್ಡ ಹಿಡಿದು ನಿಂತನೆಂದರೆ ಒಂದು ಗಂಡು ನೊಣವೂ ಒಳಗೆ ಬರುತ್ತಿರಲಿಲ್ಲ. ಒಮ್ಮೆ ಪಂಚಾಯತಿ ಅಧ್ಯಕ್ಷರನ್ನೇ ತಡೆದಿದ್ದ. "ಒಳಗ ಹೆಣ್ಮಕ್ಕಳ ಮಾತ ನಡದೈತ್ರಿ. ಅಧ್ಯಕ್ಷರ ಆದ್ರೂ ನೀವು ಗಂಡಸರ ಅಲ್ರಿ?" ಎಂದು ಕೇಳಿದನಂತೆ. ಅಧ್ಯಕ್ಷರಿಗೆ ಇಲ್ಲವೆನ್ನಲು ಆಗಲಿಲ್ಲ.

ಚಿತ್ರಕ್ಕಿಂತ ಕೈ ಬೇಗ ಕಲಿಯುತ್ತದೆ ಎಂದು ನಾನು ಒಂದು ಉಪಾಯ ಮಾಡಿದ್ದೆ. ಬಟ್ಟೆಯ ಚೀಲದಲ್ಲಿ ಹತ್ತಿ ತುಂಬಿ, ನಡುವೆ ಒಂದೇ ಒಂದು ಕಡಲೆಕಾಳು ಇಟ್ಟು ಹೊಲಿದೆ. ಚೀಲವನ್ನು ಹೆಂಗಸರ ಕೈಗೆ ಕೊಟ್ಟು, ಮೂರು ಬೆರಳಿನಿಂದ ಮೆತ್ತಗೆ ಒತ್ತಿ ಗಂಟು ಎಲ್ಲಿದೆ ಹುಡುಕಿ ಎನ್ನುತ್ತಿದ್ದೆ. ಹುಟ್ಟಿದಾಗಿನಿಂದ ಕಾಳು ಆರಿಸಿದ ಬೆರಳುಗಳವು, ಹುಡುಕಲು ಒಂದು ನಿಮಿಷವೂ ಬೇಡ. ಒಬ್ಬ ಮುದುಕಿಯಂತೂ ಮುಟ್ಟಿದ ತಕ್ಷಣ, "ಕಡ್ಲಿ ಐತಿ, ಅದರಾಗೂ ಹುಳಾ ಹಿಡದದ್ದೈತಿ" ಎಂದಳು. ಬಿಚ್ಚಿ ನೋಡಿದರೆ ನಿಜಕ್ಕೂ ಹುಳ ಹಿಡಿದಿತ್ತು. ಮುಂದೆ ನಾನು ಕಡಲೆ ಆರಿಸುವಾಗ ಎಚ್ಚರ ವಹಿಸಿದೆ.

ಫಕ್ಕೀರಪ್ಪನ ತಂಗಿ ಗಂಗವ್ವನನ್ನು ಕಲಘಟಗಿ ಕಡೆ ಮಿಶ್ರಿಕೋಟಿಗೆ ಕೊಟ್ಟಿತ್ತು. ಒಂದು ವರ್ಷ ಅವಳು ತವರಿಗೆ ಬಂದಾಗ ಅತ್ತಿಗೆಯ ಜೊತೆ ನನ್ನ ಸಭೆಗೆ ಬಂದಳು. ಎಲ್ಲ ಮುಗಿದ ಮೇಲೆ ಒಬ್ಬಳೇ ಹಿಂದೆ ಉಳಿದು ಕುಪ್ಪಸ ಸರಿಸಿ ತೋರಿಸಿದಳು. ಗಂಟು ಒಡೆದು ಹುಣ್ಣಾಗಿತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು, ಔಷಧವೂ ನಡೆಯಿತು, ಆದರೆ ತಡವಾಗಿತ್ತು. ಅವಳು ಒಂದು ವರ್ಷ ಬದುಕಿದಳು. ನನ್ನ ನೌಕರಿಯಲ್ಲಿ ನಾನು ಅತ್ತ ಸಾವುಗಳಲ್ಲಿ ಅದೂ ಒಂದು.

ಈ ರೋಗ ಕೆಲವು ಮನೆತನಗಳಲ್ಲಿ ರಕ್ತದ ಜೊತೆ ಹರಿದು ಬರುತ್ತದೆ ಎಂದು ನಮಗೆ ಕಲಿಸಿದ್ದರು. ಅದಕ್ಕೆ ಅವಳ ದಿನಕರ್ಮ ಮುಗಿದ ಮೇಲೆ ನಾನು ಆ ಮನೆತನದ ಪ್ರತಿ ಹೆಣ್ಣುಮಗಳನ್ನು ಕಂಡು, ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿದೆ. ಗಂಗವ್ವನ ಮಗಳು, ಫಕ್ಕೀರಪ್ಪನ ಮಗಳು, ಅವನ ದೊಡ್ಡಪ್ಪನ ಹೆಣ್ಣುಮಕ್ಕಳು. ಎಲ್ಲರ ಹೆಸರನ್ನೂ ನಾನೇ ಗೆರೆ ಎಳೆದ ರಜಿಸ್ಟರಿನಲ್ಲಿ ಬರೆದೆ. ಮೇಲೆ ದೊಡ್ಡ ಅಕ್ಷರದಲ್ಲಿ ಶೀರ್ಷಿಕೆ: ಮನೆಯ ಹೆಣ್ಣುಮಕ್ಕಳು. ಮನೆಯಿಂದ ಮನೆಗೆ ನನ್ನ ಚೀಲ ಹೊತ್ತು ದಾರಿ ತೋರಿಸಿದವನು ಫಕ್ಕೀರಪ್ಪ. ಪ್ರತಿ ಮನೆಯ ಹೊರಗೂ ನಿಂತು ಕಾದ. ಒಡಹುಟ್ಟಿದ ತಂಗಿಯ ರಕ್ತ ಅವನ ಮೈಯಲ್ಲೂ ಇದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಆ ಕತ್ತಲಲ್ಲಿ ನನ್ನ ಚೀಲ ಹಿಡಿದುಕೊಂಡು ಒಬ್ಬ ಮನುಷ್ಯ ನಿಂತಿದ್ದ.

ವರ್ಷಗಳು ಹೋದವು. ರಜಿಸ್ಟರ್ ಹೋಗಿ ಟ್ಯಾಬ್ ಬಂತು. ಕನ್ನಡಕ ಹಾಕಿಕೊಂಡರೆ ಅಕ್ಷರ ಕಾಣುತ್ತಿತ್ತು, ತೆಗೆದರೆ ಜನ ಕಾಣುತ್ತಿದ್ದರು. ಎರಡೂ ಕೂಡಿ ಕಾಣುವ ಕನ್ನಡಕ ಕೊಳ್ಳುವ ಹೊತ್ತಿಗೆ ನಿವೃತ್ತಿಗೆ ನಾಲ್ಕೇ ವರ್ಷ ಉಳಿದಿತ್ತು. ಮನೆ ಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಕೆಲಸ ನಡೆದಿತ್ತು. ಒಂದು ದಿನ ಫಕ್ಕೀರಪ್ಪನ ಮನೆಗೆ ಹೋದರೆ ಅವನ ಹೆಂಡತಿ ನೀಲವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಗೊಣಗುತ್ತಿದ್ದಳು. ಕೈಯಲ್ಲಿ ಗಂಡನ ಬನಿಯನ್ನು, ಅದರ ಮೇಲೆ ಕಂದುಗೆಂಪು ಕಲೆ.

"ನೋಡ್ರಿ ಬಾಯಾರ, ಎಲಿ ಅಡಿಕಿ ಬಿಟ್ಟೇನಿ ಅಂತ ಊರ ತುಂಬ ಡಂಗುರ ಹೊಡದಾರ. ಈ ಬನೀನ ಬ್ಯಾರೇನ ಹೇಳ್ತೈತಿ!"

ಎಲೆ ಅಡಿಕೆ, ತಂಬಾಕು ಬಿಡಿಸಿದವಳು ನಾನೇ. ಮಾರುತಿ ದೇವರ ಮುಂದೆ ಆಣೆ ಮಾಡಿಸಿದ್ದೆ. ಹಾಗಾಗಿ ನನಗೂ ಸಿಟ್ಟು ಬಂತು. ಒಳಗಿನಿಂದ ಫಕ್ಕೀರಪ್ಪನನ್ನು ಕರೆದು ನಿಲ್ಲಿಸಿಕೊಂಡು ಬಾಯಿ ತೆರೆಸಿದೆ.

"ಖರೇನ ಬಿಟ್ಟೇನ್ರಿ ಬಾಯಾರ, ಆಣಿ ಮಾಡೇನಲ್ರಿ."

ನಾಲಿಗೆ ಸ್ವಚ್ಛವಾಗಿಯೇ ಇತ್ತು. ನಾನು ನಂಬಿದೆನೇ? ಇಲ್ಲ. "ಬಾಯಿ ತೊಳಕೊಂಡ ಬಂದೀರಿ, ಅಷ್ಟು ತಿಳಿಯೂದಿಲ್ಲೇನು ನನಗ" ಎಂದು ಬಾಯಿ ಕ್ಯಾನ್ಸರಿನ ಮೇಲೆ ಅರ್ಧ ಗಂಟೆ ಭಾಷಣ ಬಿಗಿದೆ. ಮುಂದಿನ ತಿಂಗಳೂ ಅದೇ ದೂರು, ಅದೇ ಭಾಷಣ. ಎರಡನೆಯ ತಿಂಗಳು ಅವನು ಆಣೆಯ ಮಾತು ಎತ್ತಲಿಲ್ಲ. ಮೂರನೆಯ ತಿಂಗಳು ತಲೆ ತಗ್ಗಿಸಿ ಸುಮ್ಮನೆ ನಿಂತ. ತಪ್ಪು ಒಪ್ಪಿಕೊಂಡನೆಂದು ನಾನೂ ನೀಲವ್ವನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆ ನಗು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ನಾಲ್ಕನೆಯ ತಿಂಗಳು ನಾನು ಹೋದಾಗ ಬನಿಯನ್ನು ಹಗ್ಗದ ಮೇಲೆ ಒಣಗುತ್ತಿತ್ತು, ಒಳಮಗ್ಗುಲು ಹೊರಗಾಗಿ. ಕಲೆ ಒಳಗಡೆ ದಟ್ಟವಾಗಿತ್ತು, ತಿರುವಿ ನೋಡಿದರೆ ಹೊರಗಡೆ ತೆಳ್ಳಗೆ. ನಾನು ಅಲ್ಲೇ ನಿಂತೆ. ಎಲೆ ಅಡಿಕೆಯ ಉಗುಳು ಬಾಯಿಂದ ಬಿದ್ದರೆ ಹೊರಗಡೆಯಿಂದ ಬೀಳಬೇಕು. ಇದು ಒಳಗಿನಿಂದ ಬಂದಿತ್ತು.

"ನೀಲವ್ವಾ, ಅವರ ಬ್ಯಾರೆ ಬನೀನ ತಗೊಂಡ ಬಾ."

ಇನ್ನೂ ಮೂರು ತಂದಳು. ಮೂರರಲ್ಲೂ ಒಗೆದು ಮಾಸಿದ ಕಲೆ, ಮೂರರಲ್ಲೂ ಎಡಗಡೆಗೆ, ಒಂದೇ ಜಾಗದಲ್ಲಿ. ಸಾಹೇಬರು ಸತ್ತು ಎಷ್ಟೋ ವರ್ಷವಾಗಿತ್ತು, ಆದರೂ ಅವರು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಂತಾಯಿತು: ಅಂಗಿ ತಗಸಿ ನೋಡಿದಿ? ಮೂರು ತಿಂಗಳು ನಾನು ಆ ಮನುಷ್ಯನ ಬಾಯಿ ನೋಡಿದ್ದೆ, ನಾಲಿಗೆ ನೋಡಿದ್ದೆ, ಬನಿಯನ್ನಿನ ಕಲೆಯನ್ನೂ ನೋಡಿದ್ದೆ. ಬನಿಯನ್ನಿನ ಒಳಗಿನ ಎದೆಯನ್ನು ನೋಡಿರಲಿಲ್ಲ.

ಫಕ್ಕೀರಪ್ಪ ಚಾವಿ ಹಿಡಿದು ಓಣಿಯಲ್ಲಿ ಬರುತ್ತಿದ್ದ. ನಾನು ಓಡಿ ಹೋಗಿ, "ಅಣ್ಣಾ, ಅಂಗಿ ತಗೀರಿ" ಎಂದುಬಿಟ್ಟೆ. ನಡು ಓಣಿಯಲ್ಲಿ, ಹಾಡಹಗಲಲ್ಲಿ, ನಾಲ್ಕು ಜನ ನೋಡುತ್ತಿರುವಾಗ ಹೀಗೆ ಕೇಳಿದರೆ ಯಾವ ಮರ್ಯಾದಸ್ಥ ತೆಗೆಯುತ್ತಾನೆ? ಹೊಸಬರು ಇದನ್ನೂ ಗುರುತು ಹಾಕಿಕೊಳ್ಳಿ, ಅವಸರದಲ್ಲಿ ಸರಿಯಾದ ಮಾತೂ ತಪ್ಪು ಜಾಗದಲ್ಲಿ ಬೀಳುತ್ತದೆ. ಅವನು ನನ್ನನ್ನು ನೋಡಿದ, ಹಿಂದೆ ಬನಿಯನ್ನು ಹಿಡಿದು ಬರುತ್ತಿದ್ದ ಹೆಂಡತಿಯನ್ನು ನೋಡಿದ. "ಟಾಕಿ ತೊಳಿಯೂದ ಐತ್ರಿ" ಎಂದವನೇ ಸರಸರ ನಡೆದು ಊರ ನೀರಿನ ಟಾಕಿಯ ಏಣಿ ಹತ್ತಿ ಮೇಲೆ ಹೋಗಿ ಕುಳಿತ.

ಟಾಕಿಯನ್ನು ಅವನು ಹಿಂದಿನ ದಿನವಷ್ಟೇ ತೊಳೆದಿದ್ದ. ನಾವಿಬ್ಬರೂ ಕೆಳಗೆ ನೆರಳಿಗೆ ಕುಳಿತೆವು. ನಾನು ಕೆಳಗಿನಿಂದ ಕೂಗುವುದು, ಅವನು ಮೇಲಿನಿಂದ ಉತ್ತರಿಸುವುದು.

"ಎಷ್ಟ ದಿನಾ ಆತ್ರಿ ಅಣ್ಣಾ?"

"ಏನೂ ಇಲ್ರಿ. ಚಾವಿ ಬಡದಿತ್ತು, ಅದರ ಗಾಯ ಐತಿ. ಅರಿಷಿಣ ಹಚ್ಚೇನಿ."

"ಕೆಳಗ ಬರ್ರಿ, ನೋಡ್ತೇನಿ."

"ನೀವು ಹೆಣ್ಮಕ್ಕಳನ್ನ ನೋಡೂ ಬಾಯಾರು. ನನ್ನ ಏನ ನೋಡ್ತೀರಿ?"

ಆ ಪಾಠ ಅವನಿಗೆ ಕಲಿಸಿದವಳು ನಾನೇ. ನೀಲವ್ವ ಎದ್ದು ನಿಂತಳು. ಅವಳಿಗೆ ಏನೋ ಹೊಳೆದಿತ್ತು. ಕೂಗಲಿಲ್ಲ, ಬೈಯಲಿಲ್ಲ. ಸಣ್ಣ ದನಿಯಲ್ಲಿ, "ಗಂಗವ್ವನೂ ಹಿಂಗ ಮುಚ್ಚಿಟ್ಟಿದ್ಲಲ್ರಿ" ಎಂದಳು. ಅಷ್ಟು ಎತ್ತರಕ್ಕೆ ಅದು ಹೇಗೆ ಕೇಳಿಸಿತೋ ಕಾಣೆ. ತುಸು ಹೊತ್ತಿಗೆ ಏಣಿಯ ಮೇಲೆ ಕಾಲು ಕಂಡವು.

ಭವನದ ಬಾಗಿಲು ತೆಗೆಸಿ, ಮೂವರೂ ಒಳಗೆ ಹೋಗಿ ಅಗುಳಿ ಹಾಕಿದೆವು. ಅವನು ಅಂಗಿ ತೆಗೆದ. ಬನಿಯನ್ನಿನ ಕೆಳಗೆ ಅರಿಶಿನ ಹಚ್ಚಿದ ಹತ್ತಿ. ಎಡ ಮೊಲೆತೊಟ್ಟು ಒಳಕ್ಕೆ ಸೆಳೆದುಕೊಂಡು, ಅದರಿಂದ ರಕ್ತ ಜಿನುಗುತ್ತಿತ್ತು. ಕೆಳಗೆ ಬೆರಳಿಟ್ಟರೆ ಇಡೀ ಅಡಿಕೆಯಷ್ಟು ಗಾತ್ರದ, ಅಷ್ಟೇ ಗಟ್ಟಿಯ ಗಂಟು.

"ನೋವು ಏನೇನೂ ಇಲ್ರಿ" ಎಂದ, ನನಗೆ ಸಮಾಧಾನ ಮಾಡುವವನ ಹಾಗೆ.

"ನೋವಿಲ್ಲ ಅಂತನ ನನಗ ಅಂಜಿಕಿ. ನೀಲವ್ವ ಬೈಯಾಗ ಖರೇದ್ದು ಯಾಕ ಹೇಳಲಿಲ್ರಿ?"

ಅವನು ಅಂಗಿಯ ಗುಂಡಿ ನೋಡುತ್ತಾ ಹೇಳಿದ: "ಗಂಡಸ ಆಗಿ ಎದಿ ತೋರ್ಸೂದಕ್ಕಿಂತ, ಎಲಿ ಅಡಿಕಿ ಕದ್ದ ತಿಂದಾಂವ ಅನಸ್ಕೊಳ್ಳೂದ ಛಲೋ ಅನಸ್ತ್ರಿ."

ಮರುದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದೆವು. ದೊಡ್ಡ ಆಸ್ಪತ್ರೆಯೊಂದರ ಆ ವಿಭಾಗದ ಮುಂದೆ ಉದ್ದನೆಯ ಬೆಂಚು, ಬೆಂಚಿನ ತುಂಬ ಹೆಂಗಸರು. ನೀಲವ್ವ ಮತ್ತು ನನ್ನ ನಡುವೆ ಫಕ್ಕೀರಪ್ಪ ಮೈ ಕುಗ್ಗಿಸಿ ಕುಳಿತಿದ್ದ. ಸರದಿ ಬಂದಾಗ ನಾನು ಚೀಟಿ ಹಿಡಿದು ಒಳಗೆ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ಬೆಂಚಿನತ್ತ ನೋಡಿ, "ಪೇಷಂಟ್ ಬಾ ಅಕ್ಕಾ ಒಳಗ. ಗಂಡಸರು ಹೊರಗ ನಿಂದರ್ರಿ" ಎಂದು ನೀಲವ್ವನ ಕೈ ಹಿಡಿದು ಒಳಗೆ ತಂದುಬಿಟ್ಟಳು. ಅವಳದೇನು ತಪ್ಪು? ದಿನವೂ ಹೇಳುವ ಮಾತು.

ಡಾಕ್ಟರ್ ಬಾಯಿಯವರು ನೀಲವ್ವನನ್ನು ಮಂಚದ ಮೇಲೆ ಮಲಗಿಸಲು ಹೊರಟಿದ್ದರು. "ನಾ ಅಲ್ರಿ, ನಾ ಅಲ್ರಿ, ನಮ್ಮ ಮನ್ಯಾರು!" ಎಂದು ಅವಳು ಸೆರಗು ಬಿಗಿಹಿಡಿದು ಕೂಗಿದಳು. ನಾನು ಹೊರಗೆ ಓಡಿದೆ. ಬೆಂಚಿನ ಮೇಲೆ ಫಕ್ಕೀರಪ್ಪ ಇರಲಿಲ್ಲ. ಊರಿಗೆ ಹೊರಟೇಬಿಟ್ಟನೇ ಎಂದುಕೊಂಡೆ. ನೋಡಿದರೆ ವರಾಂಡದ ದೊಡ್ಡ ಬಾಗಿಲ ಹೊರಗೆ, ಬೆನ್ನು ಕೊಟ್ಟು, ಕೈಕಟ್ಟಿ ನಿಂತಿದ್ದಾನೆ. ಚಾವಿಯೊಂದು ಕಡಿಮೆ.

"ಇಲ್ಲ್ಯಾಕ ನಿಂತೀರಿ ಅಣ್ಣಾ?"

"ಗಂಡಸರು ಹೊರಗ ನಿಂದರ್ರಿ ಅಂದ್ರಲ್ರಿ."

ನನಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನ ತೋಳು ಹಿಡಿದುಕೊಂಡು ಒಳಗೆ ಕರೆತಂದೆ. ಮೂವತ್ತು ವರ್ಷದ ನೌಕರಿಯಲ್ಲಿ ಒಬ್ಬ ಗಂಡಸನ್ನು ನಾನು ಆ ಮಾತಿಗೆ ಒಳಗೆ ಕರೆದದ್ದು ಅದೇ ಮೊದಲು.

ಡಾಕ್ಟರ್ ಬಾಯಿ ಪರೀಕ್ಷೆ ಮಾಡುತ್ತಾ, ಮನೆತನದಲ್ಲಿ ಯಾರಿಗಾದರೂ ಈ ರೋಗ ಆಗಿತ್ತೇ ಎಂದು ಕೇಳಿದರು. "ನಮ್ಮ ತಂಗಿಗೆ ಆಗಿತ್ರಿ" ಎಂದ ಫಕ್ಕೀರಪ್ಪ. ಅವರು ಪೆನ್ನು ಕೆಳಗಿಟ್ಟು ನನ್ನತ್ತ ನೋಡಿದರು. "ಸಿಸ್ಟರ್, ಆಗ ಅಣ್ಣನಿಗೆ ಹೇಳಿರಲಿಲ್ಲವೇ?" ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಹೇಳಿರಲಿಲ್ಲ. ಗಂಡಸರಿಗೂ ಬರಬಹುದೆಂದು ತರಬೇತಿಯಲ್ಲಿ ಒಂದು ಸಾಲು ಕೇಳಿದ ನೆನಪಿತ್ತು. ಅಪರೂಪ ಎಂದಿದ್ದರು. ಅಪರೂಪ ಎಂಬುದನ್ನು ನಾನು ಇಲ್ಲ ಎಂದು ಬರೆದುಕೊಂಡಿದ್ದೆ.

ಸೂಜಿ ಹಾಕಿ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಎಂದೇ ಬಂತು. ಕಂಕುಳಿಗೆ ಇಳಿದಿತ್ತು, ಆದರೆ ಅದರಾಚೆ ಹೋಗಿರಲಿಲ್ಲ. ಎಡ ಎದೆಯನ್ನು ತೆಗೆದರು. ಆಮೇಲೆ ಸಲೈನಿನಲ್ಲಿ ಔಷಧ, ಅದು ಮುಗಿದ ಮೇಲೆ ವರ್ಷಗಟ್ಟಲೆ ನುಂಗುವ ಗುಳಿಗೆ. ಇನ್ನು ಕೆಲವು ತಿಂಗಳು ಬಾಯಿಗೇ ಭಾಷಣ ಬಿಗಿಯುತ್ತಿದ್ದರೆ ಇಷ್ಟು ಬರೆಯಲು ನನಗೆ ಮುಖವಿರುತ್ತಿರಲಿಲ್ಲ.

ಗುಳಿಗೆ ಶುರುವಾದ ಮೇಲೆ ಅವನಿಗೆ ಕುಳಿತಲ್ಲೇ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ತುಕೊಂಡು ಬರುತ್ತಿತ್ತು. "ಬಾಯಾರ, ಒಮ್ಮೆಲೆ ಒಲಿ ಮುಂದ ಕುಂತಂಗ ಆಗತೈತ್ರಿ" ಎಂದು ಗಾಬರಿಯಿಂದ ಹೇಳಿದ. ಆ ಗುಳಿಗೆಯಿಂದ ಹಾಗಾಗುವುದುಂಟು, ಡಾಕ್ಟರರಿಗೆ ಹೇಳೋಣ, ನೀವಾಗಿ ಮಾತ್ರ ಬಿಡಬೇಡಿ ಎಂದೆ. ರೊಟ್ಟಿ ಬಡಿಯುತ್ತಿದ್ದ ನೀಲವ್ವ ಒಳಗಿನಿಂದಲೇ ಗಂಡನಿಗೆ ಹೇಳಿದಳು: "ಮುಟ್ಟ ನಿಂತಾಗ ನನಗ ಹಿಂಗ ಆಗತಿತ್ತು. ಆವಾಗ ಏನಂದಿದ್ರಿ? ಸುಮ್ನ ನಾಟಕಾ ಮಾಡ್ತಿ ಅಂದಿದ್ರಿ. ಈಗ ನಾಟಕಾ ನೀವು ಮಾಡ್ರಿ, ನಾ ನೋಡ್ತೇನಿ." ಹಾಗೆಂದವಳೇ ಬೀಸಣಿಗೆ ತಂದು ಪಕ್ಕದಲ್ಲಿ ಕುಳಿತು ಗಾಳಿ ಹಾಕಿದಳು.

ಬನಿಯನ್ನುಗಳಿಗೂ, ಎಲೆ ಅಡಿಕೆಯ ಆರೋಪಕ್ಕೂ ಅವಳು ಅವನ ಕ್ಷಮೆ ಕೇಳಿದಳು. ನಾನೂ ಕೇಳಿದೆ. "ಹೋಗ್ಲಿ ಬಿಡ್ರಿ, ಮಾರುತಿ ದೇವರಿಗರ ಖರೇದ್ದು ಗೊತ್ತಿತ್ತಲ್ರಿ" ಎಂದ.

ಅವನು ಊರಿಗೆ ಮಾತ್ರ ನಿಜ ಹೇಳಿರಲಿಲ್ಲ. ಎದೆಯಲ್ಲಿ ಗಡ್ಡೆ ಆಗಿತ್ತು, ಕೊಯ್ದರು ಎಂದಷ್ಟೇ. ಚಾವಿಯನ್ನು ಬಲಗೈಯೊಂದರಲ್ಲೇ ತಿರುವುವುದನ್ನು ರೂಢಿಸಿಕೊಂಡು ಮತ್ತೆ ನೀರು ಬಿಡತೊಡಗಿದ. ನಾನು ಒತ್ತಾಯಿಸಲಿಲ್ಲ. ರೋಗ ಅವನದು, ಹೇಳುವ ಮಾತೂ ಅವನದು.

ನಿವೃತ್ತಿಗೆ ಎರಡು ತಿಂಗಳಿರುವಾಗ ನಾನು ಗಂಡಸರ ಸಭೆ ಕರೆದೆ. ಬಿಪಿ, ಶುಗರ್ ನೋಡುತ್ತೇವೆ ಎಂದು ಡಂಗುರ ಹೊಡೆಸಿದ್ದರಿಂದ ಭವನ ತುಂಬಿತ್ತು. ಎಲ್ಲರ ಬಿಪಿ ನೋಡಿ ಮುಗಿಸಿ, "ಇನ್ನೊಂದ ಮಾತ ಐತಿ, ಕೇಳ್ರಿ" ಎಂದು ಚಾರ್ಟು ಬಿಚ್ಚಿದೆ. ಅದೇ ಹಳೆಯ ಚಾರ್ಟು. ಮೊದಲ ಚಿತ್ರ ಕಂಡದ್ದೇ ತಡ, ಇಡೀ ಭವನ ಒಮ್ಮೆಲೆ ಮೇಲೆದ್ದಿತು. "ಇದು ಹೆಣ್ಮಕ್ಕಳದ ಐತಿ, ನಮ್ಮ ಬಿಪಿ ಆತು, ಹೋಗೂಣು ನಡೀರಿ" ಎಂದು ಒಬ್ಬರನ್ನೊಬ್ಬರು ದೂಡುತ್ತಾ ಬಾಗಿಲಿಗೆ ಹೊರಟರು. ನಾನು ಗಂಟಲು ಹರಿದುಕೊಂಡರೂ ಯಾರೂ ತಿರುಗಲಿಲ್ಲ. ಇಪ್ಪತ್ತು ವರ್ಷ ನಾನೇ ಹಾಕಿಕೊಟ್ಟ ದಾರಿಯಲ್ಲಿ ಅವರು ನಡೆದಿದ್ದರು, ಅಷ್ಟೇ.

ಬಾಗಿಲ ಬಳಿ ಹೋದವರು ನಿಂತುಬಿಟ್ಟರು. ಫಕ್ಕೀರಪ್ಪ ಹೊಸ್ತಿಲ ಮೇಲೆ ಚಾವಿಯನ್ನು ಅಡ್ಡ ಹಿಡಿದು ನಿಂತಿದ್ದ. ಮುಖ ಒಳಗಡೆಗೆ.

"ಸರಿ ಲೇ ಫಕ್ಕೀರಾ, ಹೋಗ್ತೀವಿ" ಎಂದರು ಒಬ್ಬ ಹಿರಿಯರು. ಶಲವಡಿಯವರೆಗೂ ಹೆಸರಾದ ಹತ್ತಿ ದಲಾಲರು ಅವರು.

"ಕುಂದರ್ರಿ ಕಾಕಾ."

"ಹೆಣ್ಮಕ್ಕಳ ಮಾತಿನಾಗ ನಮ್ದೇನ ಕೆಲಸೋ?"

ಫಕ್ಕೀರಪ್ಪ ಚಾವಿಯನ್ನು ಗೋಡೆಗೆ ಒರಗಿಸಿದ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಬನಿಯನ್ನು ಎತ್ತಿದ. ಎಡಗಡೆ ಎದೆ ಇದ್ದ ಜಾಗದಲ್ಲಿ ಕಂಕುಳಿನವರೆಗೆ ಎಳೆದ ಒಂದು ಉದ್ದನೆಯ ಗಾಯದ ಗೆರೆ, ಅಷ್ಟೇ. ಗದ್ದಲವಿದ್ದ ಭವನದಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು.

"ಇಪ್ಪತ್ತ ವರ್ಷ ಈ ಬಾಗಲಾ ಕಾಯ್ದೇನಿ ಕಾಕಾ. ಯಾರನ್ನೂ ಒಳಗ ಬಿಡಲಿಲ್ಲ, ನಾನೂ ಹೋಗಲಿಲ್ಲ. ಒಳಗ ನಂದ ಮಾತ ನಡದಿತ್ತು, ನನಗ ಗೊತ್ತಿರಲಿಲ್ಲ."

ದಲಾಲರು ಮೊದಲು ಜಮಖಾನೆಯ ಮೇಲೆ ಕುಳಿತರು, ಅವರ ಹಿಂದೆ ಉಳಿದವರು. ನಾನು ಕಡಲೆಕಾಳಿನ ಆ ಹತ್ತಿಯ ಚೀಲವನ್ನು ಅವರ ಕೈಗೆ ಕೊಟ್ಟೆ. ಜೀವಮಾನವೆಲ್ಲ ಹತ್ತಿ ಹಿಸುಕಿ ನೋಡಿದ ಕೈ. ಎರಡು ಸಲ ಒತ್ತಿ, "ಹತ್ತಿ ಎರಡನೇ ನಂಬರ ಐತಿ ಬಾಯಾರ. ಕಾಳ ಇಲ್ಲೈತಿ" ಎಂದು ಬೆರಳಿಟ್ಟು ತೋರಿಸಿದರು. ಆಗ ಎಲ್ಲರೂ ನಕ್ಕರು, ಭವನವೇ ಉಸಿರಾಡಿತು.

ಆಮೇಲೆ ನಾನು ಹೇಳಿದೆ. ಇದು ಗಂಡಸರಿಗೆ ಬರುವುದು ಅಪರೂಪ, ಆದರೆ ಬರುತ್ತದೆ, ವಯಸ್ಸಾದಂತೆ ಹೆಚ್ಚು. ತಿಂಗಳಿಗೊಮ್ಮೆ ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಯಿಂದ ತೊಟ್ಟಿನ ಕೆಳಗೆ, ಕಂಕುಳಲ್ಲಿ ಮುಟ್ಟಿ ನೋಡಿರಿ. ಗಂಟು ಸಿಕ್ಕರೆ, ತೊಟ್ಟು ಒಳಗೆ ಸೆಳೆದುಕೊಂಡರೆ, ಕೀವು ರಕ್ತ ಬಂದರೆ, ನೋವಿಲ್ಲವೆಂದು ಕೂರಬೇಡಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಹಾಗಂತ ತೀರ್ಮಾನಿಸುವವರು ನೀವೂ ಅಲ್ಲ, ನಾನೂ ಅಲ್ಲ, ಡಾಕ್ಟರು. ಅಕ್ಕ ತಂಗಿಗೋ ತಾಯಿಗೋ ಮಗಳಿಗೋ ಆಗಿದ್ದರೆ ಬಂದು ಹೇಳಿರಿ. ಕುಡಿಯುವುದನ್ನು ಬಿಡಿ, ಹೊಟ್ಟೆ ಇಳಿಸಿ. ಹೊಟ್ಟೆಯ ಮಾತು ಬಂದಾಗ ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು.

ಸವಿತಾ, ಇಷ್ಟೇ ನನ್ನ ಅನುಭವ. ಚಾರ್ಟು ನಿನ್ನ ಕಪಾಟಿನಲ್ಲಿದೆ. ಹತ್ತಿಯ ಚೀಲದ ಕಡಲೆಯನ್ನು ವರ್ಷಕ್ಕೊಮ್ಮೆ ಬದಲಿಸು, ಹುಳ ಹಿಡಿಯುತ್ತದೆ. ಹೆಂಗಸರ ಸಭೆ ಬೇರೆ ಮಾಡು, ಅವರಿಗೆ ಅದು ಬೇಕು. ಆದರೆ ಅದು ಮುಗಿದ ಮೇಲೆ ಹೊರಗೆ ಯಾರು ನಿಂತಿದ್ದಾರೆ ಎಂದು ನೋಡಿ, ಅವರನ್ನೂ ಕರೆದು ಕೂರಿಸು.

ಆ ದಿನ ನಾನು ಮಾತು ಶುರುಮಾಡುವ ಮೊದಲು, ಬಿಪಿ ಮುಗಿಸಿ ಮೊದಲೇ ಓಣಿಗೆ ಜಾರಿದ್ದ ಇಬ್ಬರನ್ನು ಫಕ್ಕೀರಪ್ಪ ಕೈಹಿಡಿದು ಎಳೆತಂದ. ಅಂಗಿಯ ಗುಂಡಿ ಹಾಕಿಕೊಂಡ. ಆಮೇಲೆ ಎಂದಿನಂತೆ ಬಾಗಿಲು ಹಾಕಿದ, ಈ ಸಲ ಒಳಗಿನಿಂದ.